ಐದು ಗ್ರಾಂ ಕೈ ಮತ್ತು ನಮ್ಮ ಒಡೆದ ತಲೆ

ಒಡೆದ ತಲೆಯ ಬಗ್ಗೆ ಬರೆಯುತ್ತಿದ್ದೇವೆ. ಯಾರದೋ ತಲೆಯಲ್ಲ, ನಮ್ಮ ಕೇರಿಯ ಒಬ್ಬನ ತಲೆ. ಹೆಸರು ಬೇಡ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ. ಲಾರಿ ಮೇಲೆ ನಿಂತು ಮೂಟೆಗೆ ಹಗ್ಗ ಬಿಗಿಯುವಾಗ ಹಗ್ಗ ಕಿತ್ತು, ತಲೆಕೆಳಗಾಗಿ ಸಿಮೆಂಟು ನೆಲಕ್ಕೆ ಬಿದ್ದ. ಜಿಲ್ಲಾಸ್ಪತ್ರೆ, ಅಲ್ಲಿಂದ ದೊಡ್ಡಾಸ್ಪತ್ರೆ, ಸ್ಕ್ಯಾನು, ಹೊಲಿಗೆ, ಒಂಬತ್ತು ದಿನ. ಹತ್ತನೆಯ ದಿನ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಕೈಗಿಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದವನು ಮೊದಲಿನವನಾಗಿರಲಿಲ್ಲ. ಮಗಳ ಹೆಸರು ಮರೆಯುತ್ತಿದ್ದ. ಎಂದೂ ಕೈ ಎತ್ತದವನು ಅನ್ನ ತಣ್ಣಗಾಯಿತೆಂದು ತಟ್ಟೆ ಎಸೆದ. ಬೆಳಕು ಕಂಡರೆ ತಲೆ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ. ಇದೇನು, ಎಷ್ಟು ದಿನ ಇರುತ್ತೆ, ಯಾರ ಹತ್ತಿರ ಹೋಗಬೇಕು ಎಂದು ಹೇಳುವವರು ನಮ್ಮ ತಾಲ್ಲೂಕಿನಲ್ಲಿ ಒಬ್ಬರೂ ಸಿಗಲಿಲ್ಲ. ಆಗ ಮಂಡಿ ಸಾಹುಕಾರರ ಕಡೆಯವರು ಬೆಂಗಳೂರಿನ ಒಂದು ‘ಕೇಂದ್ರ’ದ ವಿಳಾಸ ಕೊಟ್ಟರು. ಅಲ್ಲಿ ಮಾತ್ರೆ ಇಲ್ಲ, ಸೂಜಿ ಇಲ್ಲ, ಕೊಯ್ಯುವುದಿಲ್ಲ. ತಲೆಯ ಮೇಲೆ ಮೆಲ್ಲಗೆ ಕೈ ಇಡುತ್ತಾರೆ. ಬುರುಡೆಯ ಮೂಳೆಗಳು ಜಾಗಕ್ಕೆ ಬರುತ್ತವೆ, ಒಳಗಿನ ನೀರು ಸರಾಗವಾಗಿ ಹರಿಯುತ್ತದೆ, ಮೆದುಳು ತನ್ನನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ. ಹೀಗೆಂದು ಹೇಳಿದರು. ಅವನನ್ನು ಕರೆದುಕೊಂಡು ಹೋದವರು ನಾವೇ. ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ನಾಲ್ಕು ಸಲ ಹೋದೆವು. ಒಂದೊಂದು ಸಲಕ್ಕೂ ಅವನ ಐದು ದಿನದ ಕೂಲಿ. ಮೊದಲನೆಯ ಸಲ ಅವನು ಅಲ್ಲೇ ನಿದ್ದೆಹೋದ. ಎದ್ದು, “ಹಗುರಾಯ್ತು ಕಣ್ರೋ” ಅಂದ. ನಮಗೂ ಹಗುರಾಯಿತು. ಮೂರನೆಯ ಸಲಕ್ಕೆ ತಲೆನೋವು ಜಾಸ್ತಿಯಾಯಿತು. ಕೇಳಿದರೆ, “ವಾಸಿಯಾಗುವ ಮುಂಚೆ ಹಳೇ ಪೆಟ್ಟು ಮೇಲಕ್ಕೆ ಬರುತ್ತೆ, ಒಳ್ಳೇ ಲಕ್ಷಣ” ಎಂದರು. ನಾಲ್ಕನೆಯದು ಮುಗಿದ ಮೂರು ದಿನಕ್ಕೆ ಅವನ ಹೆಂಡತಿ ಬೆಳಗಿನ ಜಾವ ಓಡಿಬಂದಳು. “ಅಣ್ಣಾ, ಎಬ್ಬಿಸಿದ್ರೂ ಏಳ್ತಿಲ್ಲ ಕಣಣ್ಣ. ಬಲಗೈ ಎತ್ತಾಕೂ ಆಯ್ತಿಲ್ಲ.” ಸ್ಕ್ಯಾನಿನಲ್ಲಿ ಕಂಡದ್ದು, ಬುರುಡೆಗೂ ಮೆದುಳಿಗೂ ನಡುವೆ ವಾರಗಟ್ಟಲೆ ಒಸರಿ ತುಂಬಿಕೊಂಡಿದ್ದ ರಕ್ತ. ಬುರುಡೆಗೆ ತೂತು ಕೊರೆದು ಹೊರತೆಗೆದರು. ಬದುಕಿದ.

ಆ ಕೈಗಳೇ ರಕ್ತ ಸೋರಿಸಿದವು ಎಂದು ನಾವು ಹೇಳುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಕೆಲವರಿಗೆ ವಾರಗಳ ಮೇಲೆ ಹೀಗಾಗುವುದುಂಟು ಎಂದು ಆಸ್ಪತ್ರೆಯವರೇ ಹೇಳಿದರು. ನಮ್ಮ ಆಪಾದನೆ ಬೇರೆ. ಮೆದುಳು ಸಾಯುವ ಗುರುತನ್ನು ವಾಸಿಯಾಗುವ ಗುರುತು ಎಂದು ಹೆಸರಿಟ್ಟು ನಮ್ಮ ಕಣ್ಣು ಕಟ್ಟಿದರಲ್ಲ, ಅದು. ಹಾಗಾದರೆ ಈ ಕೈ ಎಲ್ಲಿಂದ ಬಂತು, ಇದರ ಬೆನ್ನಿಗೆ ಏನಿದೆ ಎಂದು ಹುಡುಕಿದೆವು. ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇವೆ.

ಇದರ ಹೆಸರು ಕ್ರೇನಿಯೋಸೇಕ್ರಲ್ ಥೆರಪಿ. ತಲೆಬುರುಡೆಯಿಂದ ಹಿಡಿದು ಬೆನ್ನಿನ ಬುಡದ ಮೂಳೆಯವರೆಗಿನ ಚಿಕಿತ್ಸೆ ಎಂದು ಅರ್ಥ. ಹೆಸರು ಕೇಳಿದವರಿಗೆ ಪುರಾತನ ವಿದ್ಯೆಯೇನೋ ಎನ್ನಿಸಬಹುದು. ಅಲ್ಲ. ಇದರ ತವರು ಅಮೆರಿಕ. ಅಲ್ಲಿ ಆಂಡ್ರೂ ಟೇಲರ್ ಸ್ಟಿಲ್ ಎಂಬಾತ 1874ರಲ್ಲಿ ಆಸ್ಟಿಯೋಪಥಿ ಎಂಬ ಪದ್ಧತಿಯನ್ನು ಸಾರಿದ. ರೋಗದ ಬೇರು ಮೂಳೆ ಕೀಲುಗಳಲ್ಲಿದೆ, ಕೈಯಿಂದಲೇ ಅದನ್ನು ಸರಿಪಡಿಸಬಹುದು ಎಂಬುದು ಅವನ ವಾದ. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಆ ಶಾಲೆಯ ವಿದ್ಯಾರ್ಥಿ ವಿಲಿಯಂ ಗಾರ್ನರ್ ಸದರ್ಲ್ಯಾಂಡ್ 1899ರಲ್ಲಿ ಬಿಡಿಸಿಟ್ಟಿದ್ದ ಬುರುಡೆಯ ಕಣತಲೆಯ ಮೂಳೆ ನೋಡಿದ. ಅದರ ಅಂಚು ಮೀನಿನ ಕಿವಿರಿನ ಹಾಗೆ ಓರೆಯಾಗಿದೆ ಅನ್ನಿಸಿತು. ಕಿವಿರು ಆಡುತ್ತದೆ, ಆದ್ದರಿಂದ ಬುರುಡೆಯೂ ಆಡುತ್ತಿರಬೇಕು! ಅಲ್ಲಿಂದ ಶುರುವಾದದ್ದು, ತನ್ನ ತಲೆಗೇ ಪಟ್ಟಿ ಬಿಗಿದುಕೊಂಡು ಪ್ರಯೋಗ ಮಾಡುವವರೆಗೆ ಹೋಯಿತು. 1939ರಲ್ಲಿ ‘ದಿ ಕ್ರೇನಿಯಲ್ ಬೌಲ್’ ಎಂಬ ಪುಸ್ತಕವಾಯಿತು.

ಮುಂದೆ 1970ರ ದಶಕದಲ್ಲಿ ಜಾನ್ ಅಪ್‌ಲೆಜರ್ ಎಂಬ ಆಸ್ಟಿಯೋಪಥಿ ವೈದ್ಯ ಇದಕ್ಕೆ ಈಗಿನ ಹೆಸರು, ಈಗಿನ ಮಾರುಕಟ್ಟೆ ಎರಡನ್ನೂ ಕೊಟ್ಟ. ಒಂದು ಕುತ್ತಿಗೆಯ ಆಪರೇಷನ್ನಿನಲ್ಲಿ ಬೆನ್ನುಹುರಿಯ ಹೊದಿಕೆ ತಾಳಬದ್ಧವಾಗಿ ಅಲುಗುವುದನ್ನು ಕಂಡೆ ಎಂದ. 1975ರಿಂದ 1983ರವರೆಗೆ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದು, 1985ರಲ್ಲಿ ಫ್ಲೋರಿಡಾದಲ್ಲಿ ತನ್ನದೇ ಸಂಸ್ಥೆ ತೆರೆದ. ಆತ ಹೇಳಿದ್ದಿಷ್ಟು: ಮೆದುಳಿನ ಸುತ್ತಲಿನ ದ್ರವಕ್ಕೆ ಹೃದಯದ್ದೂ ಅಲ್ಲದ ಉಸಿರಿನದ್ದೂ ಅಲ್ಲದ ಮೂರನೆಯ ಬಡಿತವೊಂದಿದೆ. ನಿಮಿಷಕ್ಕೆ 6ರಿಂದ 12 ಸಲ. ಕಲಿತ ಕೈಗೆ ಅದು ತಿಳಿಯುತ್ತದೆ. 5 ಗ್ರಾಂ, ಅಂದರೆ ಒಂದು ನಾಣ್ಯದಷ್ಟು ಭಾರದ ಒತ್ತಡದಿಂದ ಅದನ್ನು ತಿದ್ದಬಹುದು. ಕೆಲವೇ ದಿನಗಳ ಶಿಬಿರದಲ್ಲಿ ಈ ವಿದ್ಯೆಗೆ ದೀಕ್ಷೆ ಸಿಗುತ್ತದೆ. ತಲೆಗೆ ಬಿದ್ದ ಪೆಟ್ಟು, ಮೆದುಳಿನ ಗಾಯ ಇವೂ ವಾಸಿಯಾಗುವ ಕಾಯಿಲೆಗಳ ಪಟ್ಟಿಯಲ್ಲಿ ಸೇರಿದವು. ಅಮೆರಿಕದಲ್ಲಿ ಇಂದು ಆಸ್ಟಿಯೋಪಥಿ ಓದಿದವರು ಉಳಿದ ಡಾಕ್ಟರರಂತೆಯೇ ಪೂರ್ಣ ವೈದ್ಯರು. ನಮ್ಮ ಮಾತು ಅವರೆಲ್ಲರ ಮೇಲಲ್ಲ, ಈ ಬುರುಡೆ ವಿದ್ಯೆಯ ಮೇಲೆ.

ಈಗ ಬುರುಡೆಯನ್ನೇ ನೋಡೋಣ. ಹಸುಗೂಸಿನ ನೆತ್ತಿ ಬಡಿಯುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ. ದೊಡ್ಡವರ ಬುರುಡೆ ಹಾಗಲ್ಲ. ಗರಗಸದ ಹಲ್ಲಿಗೆ ಹಲ್ಲು ಕೂತ ಹಾಗೆ ಮೂಳೆಗಳು ಒಂದಕ್ಕೊಂದು ಕಚ್ಚಿಕೊಂಡು, ನಾರಿನಿಂದ ಬಿಗಿದು, ವಯಸ್ಸಾದಂತೆ ಬೆಸೆದುಕೊಳ್ಳುತ್ತವೆ. ಐದು ಗ್ರಾಂ ತೂಕಕ್ಕೆ ಅವು ಅಲುಗುತ್ತವೆಯೇ? 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೊಲಗಳ ಬುರುಡೆಗೆ 5ರಿಂದ 20 ಗ್ರಾಂವರೆಗೆ ಒತ್ತಡ ಹಾಕಿ ನೋಡಿದರು. ಮೂಳೆ ಅಲುಗಲಿಲ್ಲ, ಒಳಗಿನ ಒತ್ತಡವೂ ಬದಲಾಗಲಿಲ್ಲ. ಮೊಲದ ಬುರುಡೆಯೇ ಅಲುಗದಿದ್ದಾಗ, ಮೂಟೆ ಹೊತ್ತು ಗಟ್ಟಿಯಾದ ಹಮಾಲಿಯ ಬುರುಡೆ ಅಲುಗೀತೆ?

ನೀರಿನ ಮಾತೂ ಅಷ್ಟೆ. ಮೆದುಳಿನ ಸುತ್ತ ದ್ರವ ಇರುವುದು ನಿಜ. ದೊಡ್ಡವರಲ್ಲಿ ಸುಮಾರು 150 ಮಿಲಿಲೀಟರ್. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಊರಿ, ಹಳೆಯದು ರಕ್ತಕ್ಕೆ ಸೇರುತ್ತದೆ. ಅದು ಅಲುಗುವುದೂ ನಿಜ. ಎಂ.ಆರ್.ಐ. ಯಂತ್ರದಲ್ಲಿ ಕಾಣುತ್ತದೆ. ಆದರೆ ಅದನ್ನು ಅಲುಗಿಸುವುದು ನಮ್ಮದೇ ಹೃದಯ, ನಮ್ಮದೇ ಉಸಿರು. ಅದಕ್ಕೆ ಗುಪ್ತವಾದ ಮೂರನೆಯ ಯಜಮಾನ ಬೇಕಿಲ್ಲ.

ಆದರೂ ವಾದಕ್ಕಾಗಿ ಬಡಿತ ಇದೆ ಎಂದೇ ಇಟ್ಟುಕೊಳ್ಳೋಣ. ಇದ್ದರೆ, ಒಬ್ಬ ರೋಗಿಯ ತಲೆಯ ಮೇಲೆ ಇಬ್ಬರು ಪಳಗಿದವರು ಕೈ ಇಟ್ಟಾಗ ಇಬ್ಬರಿಗೂ ಒಂದೇ ಲೆಕ್ಕ ಸಿಗಬೇಕು ತಾನೆ? ನಾಡಿಯನ್ನು ಯಾರು ಹಿಡಿದರೂ ಎಪ್ಪತ್ತು ಎಪ್ಪತ್ತೇ. ಅಮೆರಿಕದಲ್ಲಿ 1994ರಲ್ಲಿ ಮೂವರು ಚಿಕಿತ್ಸಕರಿಗೆ ಅದೇ 12 ಜನರನ್ನು ಕೊಟ್ಟು ಎಣಿಸಲು ಹೇಳಿದರು. ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0 ಎನ್ನುವ ಅಳತೆಯಲ್ಲಿ ಬಂದದ್ದು ಸೊನ್ನೆಗಿಂತಲೂ ಕೆಳಗೆ, ಮೈನಸ್ 0.02. 1998ರಲ್ಲಿ 28 ಜನರನ್ನು ಮಲಗಿಸಿ, ಒಬ್ಬ ಚಿಕಿತ್ಸಕ ತಲೆ ಹಿಡಿದ, ಇನ್ನೊಬ್ಬ ಅದೇ ಹೊತ್ತಿಗೆ ಕಾಲು ಹಿಡಿದ. ಈ ಬಡಿತ ಇಡೀ ಮೈಗೆ ಒಂದೇ ಎಂಬುದು ಅವರದೇ ಶಾಸ್ತ್ರ. ತಲೆ ಹಿಡಿದವನ ಲೆಕ್ಕವೇ ಬೇರೆ, ಕಾಲು ಹಿಡಿದವನ ಲೆಕ್ಕವೇ ಬೇರೆ. ಜಾಗ ಬದಲಾಯಿಸಿ ಅದೇ ತಲೆಯನ್ನು ಇಬ್ಬರೂ ಹಿಡಿದಾಗಲೂ ಹೊಂದಲಿಲ್ಲ. ತಲೆಯಿಂದ ಒಬ್ಬ, ಕಾಲಿನಿಂದ ಒಬ್ಬ ಹುಟ್ಟಿದ ಎಂಬ ಕತೆ ಕೇಳಿ ಬೆಳೆದವರು ನಾವು. ಒಂದೇ ಮನುಷ್ಯನ ತಲೆಗೂ ಕಾಲಿಗೂ ಬೇರೆ ಬೇರೆ ಬಡಿತ ಹೇಳುವ ಶಾಸ್ತ್ರ ನಮಗೆ ಹೊಸದಲ್ಲ.

ನಮ್ಮ ಮುಖ್ಯ ತಕರಾರು ಇಲ್ಲಿದೆ. “ನಿನಗೆ ತಿಳಿಯುವುದಿಲ್ಲ, ನನ್ನ ಕೈಗೆ ಮಾತ್ರ ತಿಳಿಯುತ್ತದೆ” ಎಂಬ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ಗರ್ಭಗುಡಿಯ ಬಾಗಿಲಲ್ಲಿ ಕೇಳಿದ್ದೇವೆ. ಮಂತ್ರ ನಮ್ಮ ಕಿವಿಗೆ ಬೀಳಕೂಡದೆಂದ ಬಾಯಿಂದ ಕೇಳಿದ್ದೇವೆ. ಇಬ್ಬರು ಪೂಜಾರಿಗಳು ಎರಡು ಉತ್ತರ ಕೊಟ್ಟರೂ ಇಬ್ಬರೂ ಸರಿ, ತಪ್ಪೆಲ್ಲ ಭಕ್ತನದು. ನೋವು ಕಡಿಮೆಯಾದರೆ ಕೈಗುಣ, ಜಾಸ್ತಿಯಾದರೆ ‘ಒಳ್ಳೇ ಲಕ್ಷಣ’. ಸೋಲಲು ಸಾಧ್ಯವೇ ಇಲ್ಲದ ಹಾಗೆ ಕಟ್ಟಿದ ಆಟ ಇದು. ಜನಿವಾರ ಇಲ್ಲದಿದ್ದರೂ ಇದು ಪುರೋಹಿತಶಾಹಿಯೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದಾಗ ಕೇಳಿದ್ದು ಇಷ್ಟೇ ತಾನೆ: ಎಲ್ಲರ ಕಣ್ಣ ಮುಂದೆ ಮಾಡಿ ತೋರಿಸಿ. ಅದೇ ಮಾತನ್ನು ಈ ಕೈಗಳಿಗೂ ಕೇಳುತ್ತೇವೆ.

“ಇರಲಿ ಬಿಡ್ರೀ, ಉಪಕಾರ ಆಗದಿದ್ರೂ ಅಪಕಾರ ಏನು?” ಎನ್ನುವವರಿದ್ದಾರೆ. ಅಪಕಾರದ ಲೆಕ್ಕವನ್ನು ಆಸ್ಟಿಯೋಪಥಿಯವರೇ ಬರೆದಿಟ್ಟಿದ್ದಾರೆ. 1995ರಲ್ಲಿ ಅಮೆರಿಕದ ಆಸ್ಟಿಯೋಪಥಿ ಸಂಘದ ಪತ್ರಿಕೆಯಲ್ಲೇ ಬಂದ ವರದಿ: ಮೆದುಳಿಗೆ ಪೆಟ್ಟು ಬಿದ್ದಿದ್ದ 55 ರೋಗಿಗಳಲ್ಲಿ 3 ಮಂದಿಗೆ ಈ ಚಿಕಿತ್ಸೆಯಿಂದ ತೊಂದರೆಯಾಯಿತು. 1999ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ಚಿಕಿತ್ಸೆಯನ್ನು ಬೆಂಬಲಿಸುವಷ್ಟು ಆಧಾರ ಇಲ್ಲವೆಂದರು. ತಲೆಗೆ ಪೆಟ್ಟು ಬಿದ್ದವರಿಗೆ ಇದರಿಂದ ಕೆಡುಕಾದ ವರದಿಗಳಿವೆ ಎಂದೂ ಎಚ್ಚರಿಸಿದರು. ಯಾರಿಗೆ ವಾಸಿ ಮಾಡುತ್ತೇವೆ ಎನ್ನುತ್ತಾರೋ ಅವರ ಮೇಲೆಯೇ ಈ ಎಚ್ಚರಿಕೆ. ಅದಕ್ಕಿಂತ ದೊಡ್ಡ ಅಪಕಾರ ಹೊತ್ತು ಕಳೆಯುವುದು. ರಕ್ತ ತುಂಬುತ್ತಿರುವ ತಲೆಗೆ ಹೊತ್ತೇ ಪ್ರಾಣ.

ಇನ್ನು ನಮ್ಮವರೇ ಆದ ಕೆಲವು ಗೆಳೆಯರಿಗೆ ಒಂದು ಮಾತು. ‘ಪರ್ಯಾಯ’ ಎಂಬ ಪದ ಕೇಳಿದ ಕೂಡಲೇ ನೀವು ಎದ್ದು ನಿಲ್ಲುತ್ತೀರಿ. ದೊಡ್ಡಾಸ್ಪತ್ರೆಯ ದರ್ಪಕ್ಕೆ, ಔಷಧಿ ಕಂಪನಿಗಳ ಲಾಭಕೋರತನಕ್ಕೆ ಇದು ಬಂಡಾಯ ಎನ್ನುತ್ತೀರಿ. ದರ್ಪ ನಿಜ, ಲಾಭಕೋರತನ ನಿಜ. ಆದರೆ ಯಜಮಾನನ ಎದುರಿಗೆ ನಿಂತವರೆಲ್ಲ ನಮ್ಮವರಲ್ಲ. ತಲೆ ಮುಟ್ಟಿ ಮನುಷ್ಯನನ್ನು ಓದುತ್ತೇವೆ ಎಂದವರು ಹಿಂದೆಯೂ ಇದ್ದರು. ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಬಂಗಾಳದ ಜಾತಿಗಳ ಮೇಲೆ 1891ರಲ್ಲಿ ಹೊರತಂದ ಸಂಪುಟಗಳಲ್ಲಿ, ಮೂಗು ತಲೆಗಳ ಅಳತೆ ಹಿಡಿದು ಯಾರು ಮೇಲು ಯಾರು ಕೀಳು ಎಂದು ಸಾಲು ನಿಲ್ಲಿಸಿದ. ಅಂಬೇಡ್ಕರ್ ಏನು ಮಾಡಿದರು? ಅಳತೆಯೇ ಬೇಡ ಎನ್ನಲಿಲ್ಲ. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅಂಥ ಅಳತೆಗಳನ್ನೇ ಎದುರಿಗಿಟ್ಟು, ಬ್ರಾಹ್ಮಣ ಅಸ್ಪೃಶ್ಯ ಇಬ್ಬರೂ ಒಂದೇ ಜನಾಂಗ ಎಂದು ವಾದಿಸಿದರು. ಅಂಕಿ ಎಲ್ಲರ ಕೈಗೂ ಸಿಗುವಂತಿದ್ದರಿಂದ ಅದು ಸಾಧ್ಯವಾಯಿತು. ಒಬ್ಬನ ಬೆರಳ ತುದಿಯಲ್ಲಿ ಮಾತ್ರ ಇರುವ ಬಡಿತದ ವಿರುದ್ಧ ಯಾರು ತಾನೇ ವಾದ ಮಾಡಿಯಾರು?

ನಿಜವಾದ ಪರ್ಯಾಯ ಬೇಕೆ? ಇಲ್ಲಿದೆ ನೋಡಿ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ವೈದ್ಯರು ತಲೆಗೆ ಪೆಟ್ಟು ಬಿದ್ದವರನ್ನು ನೋಡಲು ಒಂದು ಅಳತೆ ಮಾಡಿದರು. ಗ್ಲಾಸ್ಗೋ ಕೋಮಾ ಸ್ಕೇಲ್ ಎಂದು ಅದರ ಹೆಸರು. ಯಂತ್ರ ಬೇಡ, ದೀಕ್ಷೆ ಬೇಡ. ಕಣ್ಣು ತೆರೆಯುತ್ತಾನೆಯೇ, ತಾನಾಗಿಯೋ, ಕೂಗಿದರೋ, ನೋಯಿಸಿದರೋ? ಅದಕ್ಕೆ 4ರವರೆಗೆ ಅಂಕ. ಮಾತು ನೆಟ್ಟಗಿದೆಯೇ, ತಡಬಡಿಸುತ್ತದೆಯೇ, ಬರೀ ನರಳಾಟವೇ? 5ರವರೆಗೆ. ಹೇಳಿದಂತೆ ಕೈಕಾಲು ಆಡಿಸುತ್ತಾನೆಯೇ? 6ರವರೆಗೆ. ಒಟ್ಟು 15. ಏನೂ ಇಲ್ಲದವನಿಗೂ 3. ಎಂಟು ಅಥವಾ ಅದಕ್ಕಿಂತ ಕೆಳಗಿದ್ದರೆ ಪ್ರಾಣಾಪಾಯ. ಬೆಳಿಗ್ಗೆ 15 ಇದ್ದವನು ಸಂಜೆ 13ಕ್ಕೆ ಇಳಿದರೆ ಒಳಗೆ ಏನೋ ನಡೆಯುತ್ತಿದೆ ಎಂದು ಅರ್ಥ. ಇದನ್ನು ನರ್ಸು ಮಾಡಬಹುದು, ಆಶಾ ಕಾರ್ಯಕರ್ತೆ ಮಾಡಬಹುದು, ಕಲಿತರೆ ಹಳ್ಳಿ ಮೇಷ್ಟ್ರೂ ಮಾಡಬಹುದು. ಇಬ್ಬರ ಲೆಕ್ಕದಲ್ಲಿ ಒಂದೆರಡು ಅಂಕದ ವ್ಯತ್ಯಾಸ ಬಂದರೆ ಕೂತು ಮತ್ತೆ ನೋಡಬಹುದು, ತಿದ್ದಬಹುದು. ನಮ್ಮದಾಗಬಲ್ಲ ವಿಜ್ಞಾನ ಇದು.

ಹಾಗಿದ್ದೂ ಜನ ಆ ಕೈಗಳ ಹತ್ತಿರ ಯಾಕೆ ಹೋಗುತ್ತಾರೆ? ನಾವು ಯಾಕೆ ಹೋದೆವು? ಇದಕ್ಕೆ ಉತ್ತರ ಹೇಳದೆ ಬರೀ ಮೌಢ್ಯ ಎಂದು ಬೈದರೆ ನಾವೂ ಪಟ್ಟಣದ ಪಂಡಿತರಾಗಿಬಿಡುತ್ತೇವೆ. ನಮ್ಮ ಹಮಾಲಿಯ ಮೈಯನ್ನು ಆಸ್ಪತ್ರೆಯಲ್ಲಿ ಒಂಬತ್ತು ದಿನ ಮುಟ್ಟಿದರು, ಮನುಷ್ಯನೆಂದು ಮಾತಾಡಿಸಲಿಲ್ಲ. ಅವನ ಕೇರಿ ಯಾವುದೆಂದು ತಿಳಿದ ಮೇಲೆ ದನಿ ಬದಲಾದದ್ದನ್ನೂ ನೋಡಿದೆವು. ಆ ಕೇಂದ್ರದಲ್ಲಿ ಒಂದು ಗಂಟೆ ಯಾರೋ ಅವನ ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದು ಕೂತರು. ಮುಟ್ಟಿಸಿಕೊಳ್ಳದೆ ಬೆಳೆದ ಮೈಗೆ ಅದು ಸಣ್ಣ ಮಾತೇ? ಅವನಿಗೆ ನಿದ್ದೆ ಬಂದದ್ದು, ಹಗುರಾದದ್ದು ಸುಳ್ಳಲ್ಲ. ಸ್ಪರ್ಶಕ್ಕೆ ಆ ಶಕ್ತಿ ಇದೆ. ನಮ್ಮಜ್ಜಿ ನೆತ್ತಿಗೆ ಹರಳೆಣ್ಣೆ ತಟ್ಟುವಾಗಲೂ ನಿದ್ದೆ ಬರುತ್ತಿತ್ತು. ಆದರೆ ಅಜ್ಜಿ ಮೂಳೆ ಜಾಗಕ್ಕೆ ತಂದೆ ಎನ್ನಲಿಲ್ಲ, ಐದು ದಿನದ ಕೂಲಿ ಕೇಳಲಿಲ್ಲ, ಆಸ್ಪತ್ರೆಗೆ ಹೋಗಬೇಕಾದ ದಿನ ತಡೆಯಲೂ ಇಲ್ಲ.

ಇನ್ನೊಂದು ಕಾರಣ ಸರ್ಕಾರ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು. ಒಂದೂವರೆ ಲಕ್ಷ ರೂಪಾಯಿವರೆಗೆ, ಏಳು ದಿನ. ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಎಂಟನೆಯ ದಿನ? ಮೆದುಳಿನ ಗಾಯ ಏಳು ದಿನದ ಸೂತಕವಲ್ಲ. ಮಾತು ಮತ್ತೆ ಕಲಿಯಲು ತಿಂಗಳು, ಕೆಲಸಕ್ಕೆ ಹಿಂತಿರುಗಲು ವರುಷ. ಸಾರುವೆಯಿಂದ ಬಿದ್ದ ಗಾರೆಯವನಿಗೆ, ತೆಂಗಿನ ಮರದಿಂದ ಬಿದ್ದವನಿಗೆ, ಲಾರಿಯಿಂದ ಬಿದ್ದ ಹಮಾಲಿಗೆ ಎಷ್ಟು ದಿನ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಪಟ್ಟಿ ಮಾಡಿದೆ. ಪೆಟ್ಟಿನಿಂದಾದ ಮೆದುಳಿನ ಗಾಯ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಕೈ ಕಾಲು ನೆಟ್ಟಗಿದ್ದು ನೆನಪು ಕಳೆದುಕೊಂಡವನು ಯಾವ ಸಾಲಿನಲ್ಲಿ ನಿಲ್ಲಬೇಕು?

ಪೆಟ್ಟು ತಿಂದ ಮೆದುಳನ್ನು ಮೇಲೆತ್ತುವ ನಿಜವಾದ ಕೈಗಳೂ ಇವೆ ಗೆಳೆಯರೇ. ಕಾಲು ಎತ್ತಿಸಿ ನಡೆಸುವ ಫಿಸಿಯೋಥೆರಪಿಯವರು, ಮಾತು ಮರಳಿಸುವವರು, ಬಟ್ಟೆ ಹಾಕಿಕೊಳ್ಳುವುದನ್ನು, ಲೆಕ್ಕ ಇಡುವುದನ್ನು ಮತ್ತೆ ಕಲಿಸುವವರು, ಕೋಪವನ್ನು ಕಾಯಿಲೆಯೆಂದು ಹೆಂಡತಿ ಮಕ್ಕಳಿಗೆ ತಿಳಿಹೇಳುವವರು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಇಂಥವರಿದ್ದಾರೆ. ಆದರೆ ಬಿದ್ದವರು ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ದಿನಗೂಲಿ ಬಿಟ್ಟು, ಜೊತೆಗೊಬ್ಬರನ್ನು ಕಟ್ಟಿಕೊಂಡು, ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗಿಬರುವುದು ಯಾರಿಂದ ಆದೀತು? ಸರ್ಕಾರ ಖಾಲಿ ಬಿಟ್ಟ ಜಾಗದಲ್ಲಿ ಐದು ಗ್ರಾಂ ಕೈಯವರು ಅಂಗಡಿ ಇಡುತ್ತಾರೆ. ಅಂಗಡಿಯನ್ನು ಮಾತ್ರ ಬೈದು ಖಾಲಿ ಜಾಗದ ಬಗ್ಗೆ ಸುಮ್ಮನಿದ್ದರೆ ನಮ್ಮ ಬಂಡಾಯಕ್ಕೆ ಅರ್ಥವಿಲ್ಲ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಮೇಷ್ಟ್ರುಗಳೇ, ಈ ಗುರುತುಗಳನ್ನು ಶಾಲೆಯ ಗೋಡೆಗೆ ಕನ್ನಡದಲ್ಲಿ ಬರೆಸಿ. ತಲೆಗೆ ಪೆಟ್ಟು ಬಿದ್ದವರಿಗೆ ನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಹೆಚ್ಚಿದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಒಂದು ಕೈ ಕಾಲು ಸೋತರೆ, ಮಾತು ತಪ್ಪಿದರೆ, ಕಿವಿ ಮೂಗಿನಿಂದ ನೀರೋ ರಕ್ತವೋ ಸೋರಿದರೆ ಆ ಕ್ಷಣವೇ ಆಸ್ಪತ್ರೆ. ಬಿದ್ದು ವಾರಗಳಾಗಿದ್ದರೂ ಅಷ್ಟೆ. ವಯಸ್ಸಾದವರಿಗೆ, ಕುಡಿತದವರಿಗೆ ಇನ್ನೂ ಎಚ್ಚರ. ವಿದ್ಯಾರ್ಥಿಗಳೇ, ಡಿಸ್ಚಾರ್ಜ್ ಚೀಟಿಯನ್ನು ಕನ್ನಡದಲ್ಲಿ ಕೊಡಿ ಎಂದು ಆಸ್ಪತ್ರೆಯ ಮುಂದೆ ಕೂರೋಣ. ಸಂಘಟನೆಯ ಗೆಳೆಯರೇ, ತಾಲ್ಲೂಕಿಗೊಂದು ಪುನಶ್ಚೇತನ ಕೇಂದ್ರ, ಬಿದ್ದವನ ಮನೆಗೆ ಅವನು ಏಳುವವರೆಗೂ ಕೂಲಿ, ಹಮಾಲಿಗೂ ಗಾರೆಯವನಿಗೂ ತಲೆಗೆ ಹೆಲ್ಮೆಟ್ಟು. ಇವನ್ನು ಕೇಳೋಣ, ಕೊಡದಿದ್ದರೆ ಬೀದಿಗಿಳಿಯೋಣ.

ನಮ್ಮ ಹಮಾಲಿ ಈಗ ಮಗಳ ಹೆಸರು ಕರೆಯುತ್ತಾನೆ. ಮೂಟೆ ಹೊರಲಾರ. ದಿನಾ ಸಂಜೆ ಹೆಂಡತಿ ಅವನ ಕೈ ಹಿಡಿದು ಕೇರಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿಬರುತ್ತಾಳೆ. “ಈ ಕೆಲ್ಸ ಮಾಡಾಕೆ ಒಬ್ರುನ್ನ ಸರ್ಕಾರದೋರು ಕಳಿಸಬಾರ್ದಾ ಅಣ್ಣ?” ಎಂದು ಮೊನ್ನೆ ಕೇಳಿದಳು. ನಮ್ಮಲ್ಲಿ ಉತ್ತರ ಇರಲಿಲ್ಲ. ಕೇಳಬೇಕಾದವರನ್ನು ನಾವೆಲ್ಲ ಸೇರಿ ಕೇಳಬೇಕು.